ಮಿಸ್ ನೆನಪಿಗೆ ಎರಡು ಪುಸ್ತಕ: ನಾವು ಮಾಡಿದ ಬಗೆ

ವಿಶೇಷ ಶಾಲೆಯ ಟೀಚರ್ ಒಬ್ಬರು ತೀರಿಕೊಂಡ ಮೇಲೆ, ವರ್ಷದ ತಿಥಿಯ ಹೊತ್ತಿಗೆ ಅವರ ನೆನಪಿನ ಪುಸ್ತಕ ತರಬೇಕೆಂದು ಅವರ ಮಗಳು ಮತ್ತು ಜೊತೆಯಲ್ಲಿ ಕೆಲಸ ಮಾಡಿದ ನಾವು ಸೇರಿ ಹೊರಟೆವು. ಕೊನೆಗೆ ಆದದ್ದು ಎರಡು ಪುಸ್ತಕ. ದೊಡ್ಡವರಿಗೊಂದು, ಅವರ ಕ್ಲಾಸಿನ ಮಕ್ಕಳಿಗೊಂದು. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗಕ್ಕೆ ಬರಲಿ ಎಂದು ಈ ವಿವರ.

ಮೊದಲು ಎಡವಿದ್ದು ಪ್ರಶ್ನೆಯಲ್ಲಿ. "ಟೀಚರ್ ಬಗ್ಗೆ ನಾಲ್ಕು ಮಾತು ಬರೆದುಕೊಡಿ" ಎಂದು ಪೋಷಕರನ್ನು ಕೇಳಿದರೆ ಮುಕ್ಕಾಲುಪಾಲು ಬರಹಗಳಲ್ಲಿ ಬಂದದ್ದು "ತಾಳ್ಮೆಯ ಮೂರ್ತಿ". ಸುಳ್ಳಲ್ಲ, ಆದರೆ ಅದರಿಂದ ಮನುಷ್ಯರು ಕಾಣುವುದಿಲ್ಲ. ಪ್ರಶ್ನೆ ಬದಲಿಸಿದೆವು: ನಿಮ್ಮ ಮಗು ಅವರಿಂದ ಕಲಿತ ಒಂದು ಕೆಲಸ ಯಾವುದು? ಎಷ್ಟು ತಿಂಗಳು ಹಿಡಿಯಿತು? ಮನೆಯಲ್ಲಿ ಏನು ಮಾಡಿ ಎಂದಿದ್ದರು? ಆಗ ಲೋಟ ತೊಳೆಯುವುದು, ಬಸ್ಸಿನ ಬೋರ್ಡಿನ ನಂಬರ್ ಗುರುತಿಸುವುದು, ಮುಟ್ಟಿನ ಪ್ಯಾಡ್ ಬದಲಿಸುವುದು, ಎಲ್ಲ ಬಂತು.

ಮಾತಾಡದ ಮಕ್ಕಳ ಪಾಲೂ ಇರಬೇಕಲ್ಲ. ಟೀಚರ್ ಬಳಸುತ್ತಿದ್ದ ಸಾಮಾನಿನ ಫೋಟೋ 3 ಇಟ್ಟು "ಮಿಸ್ ಯಾವುದು ಕೊಡ್ತಿದ್ರು?" ಎಂದು ಕೇಳಿ 10 ಸೆಕೆಂಡು ಸುಮ್ಮನಿರಬೇಕು. ಮಧ್ಯೆ ಮತ್ತೆ ಕೇಳಿದರೆ ಮಗುವಿಗೆ ಅದು ಹೊಸ ಪ್ರಶ್ನೆಯಾಗುತ್ತದೆ. ಕೆಲವು ಮಕ್ಕಳು ಏನಿದ್ದರೂ ಬಲಗಡೆಯದನ್ನೇ ಮುಟ್ಟುತ್ತಾರೆ. ಹಾಗಾಗಿ ಜಾಗ ಅದಲುಬದಲು ಮಾಡಿ 3 ಸಲ ಕೇಳಿ, ಮೂರೂ ಸಲ ಒಂದೇ ವಸ್ತು ಬಂದರೆ ಮಾತ್ರ ಉತ್ತರವೆಂದು ಹಿಡಿದೆವು.

ಅವರ ಕಪಾಟಿನಲ್ಲಿ ಸಿಕ್ಕ ನಿಜವಾದ ಆಸ್ತಿ ಎಂದರೆ ನೋಟ್‌ಬುಕ್ಕುಗಳು. ಒಂದು ಪುಟದಲ್ಲಿ "ಅಂಗಿ ಗುಂಡಿ" ಎಂಬ ತಲೆಬರಹದ ಕೆಳಗೆ 5 ಹೆಜ್ಜೆ: ಎರಡು ಅಂಚು ಜೋಡಿಸುವುದು, ಗುಂಡಿ ಹಿಡಿಯುವುದು, ಕಾಜಾ ಅಗಲಿಸುವುದು, ಗುಂಡಿ ತೂರಿಸುವುದು, ಈಚೆಯಿಂದ ಎಳೆಯುವುದು. ಕಲಿಸುವುದು ಮಾತ್ರ ಹಿಂದಿನಿಂದ. ನಾಲ್ಕು ಹೆಜ್ಜೆ ಟೀಚರೇ ಮಾಡಿ, ಎಳೆಯುವುದನ್ನಷ್ಟೇ ಮಗುವಿಗೆ ಬಿಡುವುದು. ಕೆಲಸ ಮುಗಿಸಿದ ಖುಷಿ ಮೊದಲ ದಿನವೇ ಮಗುವಿನದಾಗುತ್ತದೆ. ಪ್ರತಿ ಹೆಜ್ಜೆಯ ಮುಂದೆ ತಾರೀಖು, ಗುರುತು: ಬಾಯಲ್ಲಿ ಹೇಳಿದರೆ ಮಾಡುವುದಕ್ಕೆ "ವಿಪಿ", ಕೈ ಹಿಡಿದು ಮಾಡಿಸುವುದಕ್ಕೆ "ಪಿಪಿ".

ಮಗಳಿಗೆ ಜಡೆ ಹಾಕುವುದನ್ನೂ ಕಲಿಸಿದ್ದು ಹೀಗೇ. ಪೂರ್ತಿ ಹೆಣೆದು ರಬ್ಬರ್‌ ಬ್ಯಾಂಡ್ ಹಾಕುವುದನ್ನು ಬಿಡುತ್ತಿದ್ದರು, ಆಮೇಲೆ ಕೊನೆಯ ಎರಡು ಹೆಣಿಗೆ. ಅಮ್ಮನ ಅಧ್ಯಾಯವನ್ನು ಇದರಿಂದಲೇ ಶುರುಮಾಡಿದೆವು. "ಶಾಲೆಯ ಮಕ್ಕಳೆಲ್ಲ ಅವರ ಮಕ್ಕಳೇ" ಎಂಬ ಸಾಲನ್ನು ಹೊಡೆದುಹಾಕಿದವರು ಮಗಳು. ಮನೆಯ ಮಕ್ಕಳ ಹೋಂವರ್ಕಿಗೆ ಸಂಜೆ ಉಳಿಯುತ್ತಿದ್ದ ಹೊತ್ತು ಎಷ್ಟು ಎನ್ನುವುದೂ ಬರಲಿ ಎಂದರು. ಬಂತು.

"ದೇವರ ಮಕ್ಕಳು" ಎಂಬ ಮಾತನ್ನೂ ತೆಗೆದೆವು. ದೇವರ ಮಕ್ಕಳಿಗೆ ಗುಂಡಿ ಹಾಕಲು ಯಾರೂ ಕಲಿಸುವುದಿಲ್ಲ! "ಬುದ್ಧಿಮಾಂದ್ಯ" ಬದಲು "ಬೌದ್ಧಿಕ ಅಂಗವೈಕಲ್ಯ" ಎಂದು ಬರೆದೆವು, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ದಾರಿ ಅದು. ಹಳೆಯ ಸರ್ಟಿಫಿಕೇಟಿನಲ್ಲಿರುವ ಹೆಸರನ್ನು ಮಾತ್ರ ಇದ್ದಂತೆ ಬಿಡಬೇಕು.

ಮಕ್ಕಳ ದಾಖಲೆ ಅಚ್ಚು ಹಾಕುವಾಗ ಎಚ್ಚರ. ಪೋಷಕರ ಲಿಖಿತ ಒಪ್ಪಿಗೆ ಬೇಕು, ಐಕ್ಯೂ ಅಂಕಿ ಬೇಡವೇ ಬೇಡ. ಹೆಸರನ್ನು ಸ್ಕ್ಯಾನಿಗೆ ಮೊದಲೇ ದಪ್ಪ ಕಾಗದದಿಂದ ಮುಚ್ಚಿ. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಅದನ್ನು ಸರಿಸಿ ಓದಬಹುದು. ಮಗುವಿಗೆ ಯಾವ ಕೆಲಸ ಬರುತ್ತದೆ, ಯಾವುದು ಬಾರದು ಎಂದು ಗುರುತು ಹಾಕುವ ಎಂ.ಡಿ.ಪಿ.ಎಸ್. (ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಮ್) ಪಟ್ಟಿಯ ಪುಟವೊಂದನ್ನು ಹಾಕಿದ್ದೇವೆ: 18 ಕ್ಷೇತ್ರ, ಒಂದೊಂದರಲ್ಲಿ 20 ಅಂಶ, ಬರುವುದಕ್ಕೆ ನೀಲಿ, ಬಾರದ್ದಕ್ಕೆ ಕೆಂಪು. ಜೆರಾಕ್ಸ್ ಮಾಡಿಸಿದರೆ ಎರಡೂ ಬೂದು ಬಣ್ಣವಾಗಿ ವರ್ಷದ ದುಡಿಮೆಯೇ ಕಾಣದು. ಕಲರ್‌ನಲ್ಲಿ, 300 ಡಿಪಿಐಗೆ ಸ್ಕ್ಯಾನ್ ಮಾಡಿ.

ದೊಡ್ಡವರ ಪುಸ್ತಕ ಎ5 ಅಳತೆ, 32 ಪುಟ. ನಡುವೆ ಪಿನ್ ಹೊಡೆಯುವುದಾದರೆ ಪುಟಗಳು 4ರ ಲೆಕ್ಕದಲ್ಲೇ ಇರಬೇಕು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್‌ನಲ್ಲಿ ಬಂದದ್ದು ಬೆರೆತರೆ ಪ್ರೆಸ್ಸಿನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ. ಎಲ್ಲವನ್ನೂ ಯೂನಿಕೋಡ್ ಮಾಡಿ, ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ.

ಮಕ್ಕಳದು ಎ4 ಅಡ್ಡ ಹಾಳೆ, 8 ಎಲೆ. ಎಲೆಗೊಂದು ಫೋಟೋ, ಒಂದೇ ವಾಕ್ಯ, 28 ಪಾಯಿಂಟ್ ಅಕ್ಷರ. ಲ್ಯಾಮಿನೇಷನ್ 125 ಮೈಕ್ರಾನ್, ಮ್ಯಾಟ್. ಹೊಳಪಿನದಾದರೆ ಟ್ಯೂಬ್‌ಲೈಟ್ ಕೆಳಗೆ ಮಿಸ್ ಮುಖವೇ ಕಾಣುವುದಿಲ್ಲ. ಹಾಳೆಯ ಸುತ್ತ 5 ಮಿಲಿಮೀಟರ್ ಪ್ಲಾಸ್ಟಿಕ್ ಅಂಚು ಬಿಡಿ, ಇಲ್ಲವಾದರೆ ಜೊಲ್ಲು ಒಳಗಿಳಿಯುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿ. ಹೊಲಿಗೆಗಿಂತ ಬಿಚ್ಚುವ ರಿಂಗ್ ವಾಸಿ, ಎಷ್ಟೋ ಮಕ್ಕಳಿಗೆ ಬೇಕಾದದ್ದು ತಮ್ಮ ಎಲೆ ಮಾತ್ರ.

ಆ ಪುಸ್ತಕದ ಎರಡನೇ ಎಲೆಗೆ ಅತಿ ಹೆಚ್ಚು ಹೊತ್ತು ಹಿಡಿಯಿತು. "ದೇವರ ಪಾದ ಸೇರಿದರು" ಎಂದರೆ ಯಾವ ಬಸ್ಸಿನಲ್ಲಿ ಹೋಗಬೇಕು ಎಂಬ ಪ್ರಶ್ನೆ ಬರುತ್ತದೆ. "ಮಲಗಿದ್ದಾರೆ" ಎಂದರೆ ರಾತ್ರಿ ನಿದ್ದೆಗೇ ಹೆದರುತ್ತಾರೆ. "ಊರಿಗೆ ಹೋಗಿದ್ದಾರೆ" ಎಂದರೆ ಗೇಟಿನ ಹತ್ತಿರ ಕಾಯುತ್ತಾರೆ. ಕೊನೆಗೆ ಇಟ್ಟದ್ದು: "ಮಿಸ್ ಸತ್ತುಹೋದರು." ಮುಂದಿನ ಎಲೆಯಲ್ಲಿ "ಮಿಸ್ ಇನ್ನು ಶಾಲೆಗೆ ಬರುವುದಿಲ್ಲ." ಅದರ ಮುಂದೆ "ಇದು ಯಾರ ತಪ್ಪೂ ಅಲ್ಲ." ದೊಡ್ಡವರಿಗೆ ಒರಟೆನಿಸಿತು, ಮಕ್ಕಳಿಗೆ ಅರ್ಥವಾಯಿತು.

ಕಾರ್ಯಕ್ರಮದಲ್ಲಿ ಅವರ ಧ್ವನಿಯ ರೆಕಾರ್ಡಿಂಗ್ ಹಾಕಿದ್ದು ನಮ್ಮ ತಪ್ಪು. ಹುಡುಗನೊಬ್ಬ ಸ್ಪೀಕರ್ ಹಿಂದೆ ಹೋಗಿ ಹುಡುಕಿದ. ಧ್ವನಿಯನ್ನು ಆಮೇಲೆ ಒಬ್ಬೊಬ್ಬರಿಗೇ, ಕೈಯಲ್ಲಿ ಫೋಟೋ ಕೊಟ್ಟು, 20 ಸೆಕೆಂಡು ಮೀರದಂತೆ ಕೇಳಿಸುವುದು ಸರಿ.

ಗುಂಡಿಯ ಪುಟದ ನಕಲನ್ನಷ್ಟೇ ಪುಸ್ತಕಕ್ಕೆ ಹಾಕಿದೆವು. ಮೂಲ ನೋಟ್‌ಬುಕ್ ಹೊಸ ಟೀಚರ್ ಕೈಗೆ ಹೋಯಿತು. 5 ಮತ್ತು 4ನೇ ಹೆಜ್ಜೆಯ ಮುಂದೆ ಟಿಕ್ ಇತ್ತು. 3ನೆಯದರ ಮುಂದೆ, ಕಾಜಾ ಅಗಲಿಸುವುದಕ್ಕೆ, ಇನ್ನೂ "ಪಿಪಿ". ಅವರು ಅಲ್ಲಿಂದ ಮುಂದುವರಿಸಿದ್ದಾರೆ.