ತಲೆಕೆಳಗಾಗಿ ಕೂರಿಸಿದ 16×2 ಡಿಸ್‌ಪ್ಲೇ: ಬೋರ್ ಪ್ಯಾನೆಲ್‌ನಲ್ಲಿ ನನ್ನ ಅನುಭವ

ಚಿಂತಾಮಣಿ, ಶಿಡ್ಲಘಟ್ಟ ಕಡೆ ಬೋರ್‌ವೆಲ್ ಸ್ಟಾರ್ಟರ್ ಪ್ಯಾನೆಲ್ ಕಟ್ಟುವವರಿಗೆಲ್ಲ ಗೊತ್ತಿರುವ ತಲೆನೋವು ಇದು. ನೀರಿಲ್ಲದೆ ಓಡಿದರೆ (ಡ್ರೈ ರನ್) ಕಟ್ ಆಗುತ್ತೆ, ಮೂರರಲ್ಲಿ ಒಂದು ಫೇಸ್ ಹೋದರೆ (ಸಿಂಗಲ್ ಫೇಸಿಂಗ್) ಕಟ್ ಆಗುತ್ತೆ, ಮೋಟರ್ ಉಳಿಯುತ್ತೆ. ಆದರೂ ರೈತ ಫೋನ್ ಮಾಡಿ "ಡಬ್ಬದಲ್ಲಿ ಏನೂ ಕಾಣ್ತಿಲ್ಲ ಕಣಣ್ಣಾ, ಕೆಟ್ಟೋಗಿದೆ" ಅಂತಾನೆ. ಹೋಗಿ ನೋಡಿದರೆ ಕೆಟ್ಟಿರಲ್ಲ, ಓದೋಕೆ ಆಗಲ್ಲ ಅಷ್ಟೆ. ಈ ಬೇಸಿಗೆಯಲ್ಲಿ ಅಂಥ ಒಂದು ಫೋನೂ ನನಗೆ ಬರಲಿಲ್ಲ. ಹಾಕಿರೋದು ಅದೇ ನೂರಿಪ್ಪತ್ತು ರೂಪಾಯಿ ಆಸುಪಾಸಿನ 16×2 ಮಾಡ್ಯೂಲ್, ಅಂದರೆ ಹದಿನಾರು ಮನೆಯ ಎರಡು ಸಾಲು ತೋರಿಸುವ ಎಲ್‌ಸಿಡಿ (ದ್ರವ ಹರಳಿನ ಡಿಸ್‌ಪ್ಲೇ). "ಎಲ್‌ಸಿಡಿ ಬಿಟ್ಹಾಕಿ, ಹೊಲಕ್ಕೆ ಅದು ಆಗಿಬರಲ್ಲ" ಅಂದ ಜೊತೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಾಕಿದ್ದು ನೀಲಿ ಹಿನ್ನೆಲೆ, ಬಿಳಿ ಅಕ್ಷರದ್ದು. ಅಂಗಡಿಯಲ್ಲಿ ಅದರ ಅಂದ ನೋಡಿ ಗಿರಾಕಿಗಳು ಮರುಳಾಗುತ್ತಿದ್ದರು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಪೆಟ್ಟಿಗೆ ತಂದೆ. ನೀಲಿಯದು ಪೂರ್ತಿ ಬ್ಯಾಕ್‌ಲೈಟ್ (ಗಾಜಿನ ಹಿಂದಿನ ದೀಪ) ನಂಬಿಕೊಂಡು ಬದುಕುವ ಜಾತಿ. ಮಧ್ಯಾಹ್ನ ಎರಡು ಗಂಟೆ ಬಿಸಿಲಿನ ಮುಂದೆ ಆ ಸಣ್ಣ ಎಲ್‌ಇಡಿ ಯಾವ ಲೆಕ್ಕ? ಬಾಗಿಲು ತೆಗೆದರೆ ಬರೀ ನೀಲಿ ಗಾಜು. ಅಷ್ಟನ್ನೂ ಬಿಚ್ಚಿ ಬದಲಾಯಿಸಲು ಪೆಟ್ರೋಲೂ ಸೇರಿ ಏಳೆಂಟು ಸಾವಿರ ಕೈಬಿಟ್ಟಿತು.

ಆಮೇಲೆ ಹಳದಿ-ಹಸಿರಿಗೆ ಬಂದೆ. ಅದರ ಬೆನ್ನಿಗೆ ಅರೆ-ಕನ್ನಡಿ ಹಾಳೆ ಇರುತ್ತೆ, ಹಾಗಾಗಿ ಬಿಸಿಲು ಹೆಚ್ಚಿದಷ್ಟೂ ಚೆನ್ನ. ರಾತ್ರಿ ಮೂರು ಫೇಸ್ ಬಂದಾಗ ಬ್ಯಾಕ್‌ಲೈಟ್ ಸಾಕು. ಆದರೆ ಇಲ್ಲಿ ಬೇರೆ ತಕರಾರು. ನಮ್ಮ ಕಡೆ ಬಾಕ್ಸನ್ನು ಕಲ್ಲುಕಂಬಕ್ಕೆ ಸೊಂಟದ ಎತ್ತರದಲ್ಲಿ ಕಟ್ಟುತ್ತಾರೆ. ರೈತ ನಿಂತುಕೊಂಡು ಮೇಲಿಂದ ಇಣುಕುತ್ತಾನೆ. ಪೇಟೆಯಲ್ಲಿ ಸಿಗುವ ಮಾಡ್ಯೂಲ್‌ಗಳೆಲ್ಲ ಹೆಚ್ಚುಕಮ್ಮಿ ಆರು ಗಂಟೆ ದಿಕ್ಕಿನವು, ಅಂದರೆ ಕೆಳಗಿನಿಂದ ನೋಡುವವನಿಗೆ ಮಾಡಿದವು. ಗಾಜಿನ ನಡುವೆ ಅಣುಗಳು ವೋಲ್ಟೇಜಿಗೆ ಎದ್ದು ನಿಲ್ಲುವಾಗ ಒಂದೇ ಕಡೆ ವಾಲುತ್ತವೆ. ಆ ಕಡೆಯಿಂದ ನೋಡಿದವನಿಗೆ ಬೇಗ ಕಪ್ಪಾಗುತ್ತೆ, ಎದುರು ಕಡೆಯವನಿಗೆ ಮಂಕಾಗಿಯೇ ಇರುತ್ತೆ.

ಮೇಲಿನವನಿಗೆ ಕಾಣಲಿ ಅಂತ ಪ್ರಿಸೆಟ್ ಅನ್ನೋ ಸಣ್ಣ ತಿರುಪು ತಿರುಗಿಸಿ ಕಾಂಟ್ರಾಸ್ಟ್ (ಅಕ್ಷರದ ಕಪ್ಪು) ಏರಿಸಿದೆ. ಸಂಜೆ ಅಂಗಡಿಯಲ್ಲಿ ಅಕ್ಷರ ಮುತ್ತಿನ ಹಾಗೆ ಬಂತು. ಮಾರನೇ ದಿನ ಬಾಗೇಪಲ್ಲಿ ಹತ್ತಿರದ ಒಂದು ತೋಟದಲ್ಲಿ ಮಧ್ಯಾಹ್ನ ನೋಡಿದರೆ ಸಾಲಿನ ಹದಿನಾರಕ್ಕೆ ಹದಿನಾರೂ ಕಪ್ಪು ಚೌಕ. ಬಿಸಿ ಏರಿದರೆ ಗಾಜಿನೊಳಗಿನ ದ್ರವ ಹರಳಿಗೆ ಕಡಿಮೆ ವೋಲ್ಟೇಜೇ ಸಾಕಾಗುತ್ತೆ, ನಾವು ಕೊಡೋದು ಮಾತ್ರ ಅಷ್ಟೇ ಇರುತ್ತೆ. ಪ್ರಿಸೆಟ್ ಇಳಿಸಿದರೆ ಬೆಳಿಗ್ಗೆ ಆರಕ್ಕೆ ಮತ್ತೆ ಮಂಕು. ನವೆಂಬರ್-ಡಿಸೆಂಬರ್‌ನಲ್ಲಂತೂ ಕೇಳಲೇಬೇಡಿ.

ಆಗ ಬಂದ ಸಲಹೆಗಳು ಒಂದೆರಡಲ್ಲ. ಏಳು ಗೆರೆಗಳಲ್ಲಿ ಅಂಕಿ ಬೆಳಗಿಸುವ ಸೆವೆನ್ ಸೆಗ್‌ಮೆಂಟ್ ಎಲ್‌ಇಡಿ ಹಾಕು ಅಂದರು. ಹಾಕಿದೆ. ಬಿಸಿಲಲ್ಲಿ ಕೈ ಅಡ್ಡ ಹಿಡಿದು ಓದಬೇಕು. ಚುಕ್ಕಿಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಅಂದರು. ಅದು ಮೂಲೆಮೂಲೆಯಿಂದಲೂ ಕಾಣುತ್ತೆ, ಒಪ್ಪಿದೆ, ಆದರೆ ಬಿಸಿಲಿಗೆ ಸೋಲುತ್ತೆ, ಜೊತೆಗೆ ಒಂದೇ ಅಂಕಿ ತಿಂಗಳುಗಟ್ಟಲೆ ನಿಂತರೆ ಅಚ್ಚು ಉಳಿಸುತ್ತೆ. ಐಪಿಎಸ್ ಅನ್ನೋ ಕಲರ್ ಎಲ್‌ಸಿಡಿಯಲ್ಲಿ ಅಣುಗಳು ಎದ್ದು ನಿಲ್ಲದೆ ಮಲಗಿದಲ್ಲೇ ತಿರುಗೋದರಿಂದ ಕೋನದ ರಗಳೆಯೇ ಇಲ್ಲ, ಆದರೆ ಬಾಕ್ಸಿಗೆ ಐನೂರು ರೂಪಾಯಿ ಜಾಸ್ತಿ. ಎರಡು ಸಾವಿರದ ಚಿಲ್ಲರೆಗೆ ಮಾರುವ ಪ್ಯಾನೆಲ್‌ನಲ್ಲಿ ಐನೂರು ಹೋದರೆ ನನಗೆ ಉಳಿಯೋದು ಚಹಾ ಕಾಸು.

ಸರಿ, ಹೇರ್ ಡ್ರೈಯರ್ ಹಿಡಿದು ಕೂತೆ. ಒಂದು ಮಾಡ್ಯೂಲನ್ನು ಟೇಬಲ್ ಮೇಲೆ ಆನ್ ಮಾಡಿಟ್ಟು ಎಡ ಅಂಚಿಗೆ ಬಿಸಿಗಾಳಿ ಬಿಟ್ಟರೆ ಮೊದಲು ಖಾಲಿ ಮನೆಗಳ ಚೌಕಗಳು ಮಸುಕಾಗಿ ಮೂಡುತ್ತವೆ. ಆಮೇಲೆ ಅಂಕಿಗಳು ದಪ್ಪಗಾಗಿ ಅಕ್ಕಪಕ್ಕಕ್ಕೆ ಬೆರೆಯುತ್ತವೆ. ಇನ್ನೂ ಬಿಟ್ಟರೆ ಅಂಚಿನಿಂದ ಒಂದು ಕಲೆ ಹರಿದು ಬಂದು ಗಾಜನ್ನೇ ನುಂಗುತ್ತೆ. ಆಗ ಅದು ದ್ರವ ಹರಳಲ್ಲ, ಬರೀ ದ್ರವ. ಫ್ಯಾನ್ ಹಾಕಿದರೆ ಒಂದೆರಡು ನಿಮಿಷದಲ್ಲಿ ಎಲ್ಲ ವಾಪಸ್. ಇದನ್ನು ನೋಡಿದ ಮೇಲೆ ಪ್ರಿಸೆಟ್ಟಿನ ಮೇಲಿನ ಆಸೆ ಬಿಟ್ಟೆ.

ಕೆಲಸ ಕೊಟ್ಟದ್ದು ಮಾಡ್ಯೂಲನ್ನೇ ತಲೆಕೆಳಗು ಮಾಡಿದ್ದು. ಆರು ಗಂಟೆ ದಿಕ್ಕಿನದು ತಿರುಗಿಸಿದರೆ ಹನ್ನೆರಡು ಗಂಟೆ ದಿಕ್ಕಿನದಾಯಿತು, ಮೇಲಿಂದ ನೋಡುವವನಿಗೆ ಅದೇ ಬೇಕು. ಅಕ್ಷರ ತಲೆಕೆಳಗಾಗುತ್ತಲ್ಲ ಅಂತ ಎಲ್ಲರೂ ನಕ್ಕರು. ತಿರುಗಿಸಿದ ಅಂಕಿಗಳನ್ನು ನಾವೇ ಬರೆದುಕೊಳ್ಳಬೇಕು, ಗಾಜನ್ನು ಓಡಿಸುವ 44780 ಚಿಪ್ಪಿನಲ್ಲಿ ನಮ್ಮದೇ ಆಕಾರ ಬರೆಯಲು ಇರುವುದು 8 ಖಾನೆ, ಅಂಕಿಗಳು ಹತ್ತು, ಹೇಗೆ ಸಾಕಾಗುತ್ತೆ ಅಂದರು. ಅವರು ಚುಕ್ಕಿ ಎಣಿಸಿ ನೋಡಿರಲಿಲ್ಲ. ಅದರೊಳಗಿನ 0 ಮತ್ತು 8 ತಿರುಗಿಸಿದರೂ ಅವೇ, ಸೊನ್ನೆಯ ಅಡ್ಡಗೆರೆ ಸಮೇತ. 6 ತಿರುಗಿಸಿದರೆ ಒಂದು ಚುಕ್ಕಿಯೂ ತಪ್ಪದೆ 9, 9 ತಿರುಗಿಸಿದರೆ 6. ಉಳಿದ 1, 2, 3, 4, 5, 7 ಆರು ಖಾನೆಗೆ. ಏಳನೆಯದು ದಶಮಾಂಶ ಚುಕ್ಕಿ, ಎಂಟನೆಯದು ಡ್ರೈ ರನ್ ಗುರುತು. ಚಿಪ್ಪಿಗೆ ಹಿಂದಕ್ಕೆ ಬರೆಯುವ ಮೋಡ್ ಇದ್ದೇ ಇದೆ. ಸೊನ್ನೆಯಿಂದ ಎಣಿಸಿ 15ನೇ ಮನೆಯಿಂದ, ಅಂದರೆ ಕೊನೆಯದರಿಂದ, ಶುರು ಮಾಡಿದರೆ ತಿರುಗಿದ ಗಾಜಿನಲ್ಲಿ ಎಡದಿಂದ ಬಲಕ್ಕೆ ನೇರವಾಗಿ ಬರುತ್ತೆ. ಅಕ್ಷರಗಳಿಗೆ ಖಾನೆ ಉಳಿಯಲಿಲ್ಲ, ಅದಕ್ಕೆ ಮುಚ್ಚಳದ ಮೇಲೆ "ವೋಲ್ಟ್", "ಆಂಪಿಯರ್" ಅಂತ ಕನ್ನಡದಲ್ಲೇ ಸ್ಟಿಕ್ಕರ್. ರೈತರಿಗೆ ಅದೇ ಹೆಚ್ಚು ಹಿಡಿಸಿತು.

ಎರಡನೇ ಸಾಲನ್ನು ಕೈಬಿಟ್ಟಿದ್ದು ಇನ್ನೊಂದು. ಇದನ್ನು ಯಾರೂ ಮಾಡಿದ್ದು ನಾನು ನೋಡಿಲ್ಲ. ಎರಡು ಸಾಲಿನ ಮೋಡಿನಲ್ಲಿ ಚಿಪ್ 16 ಪಾಲಿನಲ್ಲಿ, ಅಂದರೆ ಚುಕ್ಕಿಗಳ 16 ಅಡ್ಡಸಾಲಿಗೆ ಸರದಿಯಲ್ಲಿ ಸಮಯ ಹಂಚಿ, ಗಾಜನ್ನು ಓಡಿಸುತ್ತೆ. ಆಗ ಹತ್ತಿದ ಚುಕ್ಕಿಗೂ ಆರಿದ ಚುಕ್ಕಿಗೂ ಸಿಗುವ ವೋಲ್ಟೇಜಿನ ಅಂತರ ಸುಮಾರು ಶೇ. 29 ಮಾತ್ರ. ಒಂದು ಸಾಲಿಗೆ ಇಳಿಸಿದರೆ 8 ಪಾಲು, ಬೋರ್ಡಿನ ಅವೇ ರೆಸಿಸ್ಟರ್‌ಗಳಲ್ಲಿ ಅಂತರ ಶೇ. 41ಕ್ಕೆ ಏರುತ್ತೆ. ಅಂಕಿ ಕಪ್ಪಗೆ, ಹಿನ್ನೆಲೆ ತಿಳಿಯಾಗಿ ನಿಲ್ಲುತ್ತೆ, ಪಕ್ಕದಿಂದ ನೋಡಿದರೂ ಅಷ್ಟು ಬೇಗ ಕೈಕೊಡಲ್ಲ. ಕಾಂಟ್ರಾಸ್ಟ್ ಹೊಂದಿಸುವ ಪಿನ್ 3ರಲ್ಲಿ (ಇದು ಏರಿದರೆ ಗಾಜಿನ ಮೇಲಿನ ವೋಲ್ಟೇಜ್ ಇಳಿಯುತ್ತೆ) ಮುಕ್ಕಾಲು ವೋಲ್ಟ್ ಹತ್ತಿರ ಇದ್ದದ್ದನ್ನು ಒಂದೂವರೆ ಆಸುಪಾಸಿಗೆ ಏರಿಸಬೇಕು, ಇಲ್ಲದಿದ್ದರೆ ಎಲ್ಲ ಕಪ್ಪು. ಒಂದು ಸಾಲು ಸಾಕಾ ಅಂದರೆ "380 372 391 14.5" ಬರೆದು ನೋಡಿ. ಮೂರು ಫೇಸ್, ಒಂದು ಆಂಪಿಯರ್, ಸರಿಯಾಗಿ ಹದಿನಾರು ಮನೆ.

ಬಿಸಿಗೆ ಮದ್ದು 10ಕೆ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಷ್ಟೂ ತಡೆ ಇಳಿಯುವ ರೆಸಿಸ್ಟರ್), ಏಳೆಂಟು ರೂಪಾಯಿ. 5 ವೋಲ್ಟಿನಿಂದ ಪಿನ್ 3ಕ್ಕೆ ಬರುವ ದಾರಿಯಲ್ಲಿ ಕೂರಿಸಿದರೆ ಬಿಸಿಯಾದಷ್ಟೂ ಪಿನ್ 3 ಮೇಲೇರಿ ಗಾಜಿನ ಮೇಲಿನ ವೋಲ್ಟೇಜ್ ತಾನಾಗಿ ಇಳಿಯುತ್ತೆ. ಥರ್ಮಿಸ್ಟರ್ ಗಾಜಿನ ಬೆನ್ನಿಗೆ ಅಂಟಿರಲಿ, ಟ್ರಾನ್ಸ್‌ಫಾರ್ಮರ್ ಪಕ್ಕ ಬೇಡ. ಸುಮ್ಮನೆ ಒಂದನ್ನೇ ಹಾಕಿದರೆ ತೀರಾ ಎಳೆದಾಡುತ್ತೆ, ಅದಕ್ಕೆ ಸೀರೀಸ್‌ನಲ್ಲಿ ಒಂದು, ಅಡ್ಡಕ್ಕೆ ಒಂದು ರೆಸಿಸ್ಟರ್ ಬೇಕು. ಆ ಎರಡು ಬೆಲೆ ಹೇಳಲ್ಲ. ಡ್ರೈಯರ್ ಹಿಡಿದು ಕೂತರೆ ನಿಮಗೂ ಸಿಗುತ್ತೆ. ಪಿನ್ 3ಕ್ಕೆ ಇನ್ನೂ ಒಂದು ಸಣ್ಣ ಕೆಲಸ ಮಾಡಿದ್ದೇನೆ, ಅದು ಅಂಗಡಿಯ ಗುಟ್ಟು.

ನಡುವೆ ಒಂದು ಹುಚ್ಚೂ ಆಯಿತು. ಹಳೆಯ ಟಿಎನ್ (ಅಣುಗಳನ್ನು 90 ಡಿಗ್ರಿ ತಿರುಚಿದ ಗಾಜಿನ) ಮಾನಿಟರ್‌ಗಳ ಪೋಲರೈಸರ್ (ಒಂದೇ ದಿಕ್ಕಿನ ಕಂಪನದ ಬೆಳಕು ಬಿಡುವ ಹಾಳೆ) ಜೊತೆ ಕೋನ ಹಿಗ್ಗಿಸುವ ಫಿಲ್ಮ್ ಅಂಟಿರುತ್ತೆ, ತಟ್ಟೆಯಾಕಾರದ ಅಣುಗಳ ದ್ರವ ಹರಳಿನಿಂದ ಮಾಡಿದ್ದು. ಆ ತಟ್ಟೆ ಅಣುಗಳ ದ್ರವ ಹರಳನ್ನು ಮೊದಲು ಕಂಡುಹಿಡಿದದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, 1977ರಲ್ಲಿ, ಎಸ್. ಚಂದ್ರಶೇಖರ್ ಅವರ ತಂಡ. ಫಿಲ್ಮ್ ಮಾಡಿ ಕಾಸು ಮಾಡಿಕೊಂಡದ್ದು ಜಪಾನಿನವರು. ಗುಜರಿಯಿಂದ ಇನ್ನೂರು ರೂಪಾಯಿಗೆ ಒಂದು ಮಾನಿಟರ್ ತಂದು, ಫಿಲ್ಮ್ ಸುಲಿದು, ಅಂಟು ಒರೆಸಿ ನನ್ನ ಮಾಡ್ಯೂಲಿಗೆ ಹಾಕಿದೆ. ಕೋನ ಹಿಗ್ಗಲಿಲ್ಲ, ನೇರಳೆ-ಕಂದು ಬಣ್ಣ ಬಂತು. ಹಳದಿ-ಹಸಿರಿನದು ಎಸ್‌ಟಿಎನ್ ಗಾಜು, ಅದರೊಳಗೆ ಅಣುಗಳ ತಿರುಚು 90 ಡಿಗ್ರಿಗಿಂತ ಎಷ್ಟೋ ಜಾಸ್ತಿ. ಮಾನಿಟರಿನ ಗಾಜಿಗೆ ಅಳೆದು ಮಾಡಿದ ಫಿಲ್ಮ್ ಇದಕ್ಕೆ ಹೊಂದಲ್ಲ. ಹಿಂದಿನ ಪೋಲರೈಸರ್ ಕಿತ್ತು 90 ಡಿಗ್ರಿ ತಿರುಗಿಸಿದಾಗ ಅದೇ ಹಸಿರು ಗಾಜು ನೀಲಿ ಹಿನ್ನೆಲೆಯದಾಗಿದ್ದು ಮಾತ್ರ ಮಜಾ ಕೊಟ್ಟಿತು.

ಖರ್ಚು ಕೇಳಿದರೆ, ಬಾಕ್ಸಿಗೆ ಹದಿನೈದು ಇಪ್ಪತ್ತು ರೂಪಾಯಿ ಹೆಚ್ಚಾಯಿತು, ಸ್ಟಿಕ್ಕರ್ ಸೇರಿ. ಜಾಸ್ತಿ ಅಂಕಿ ತೋರಿಸಬೇಕು ಅನ್ನುವವರು 20×4ರಲ್ಲೂ ಇದನ್ನೇ ಮಾಡಬಹುದು. ಅದರೊಳಗೂ ಇರೋದು ಎರಡೇ ಸಾಲು, ಅದನ್ನೇ ಮುರಿದು ನಾಲ್ಕು ಮಾಡಿರುತ್ತಾರೆ. ಒಂದು ಸಾಲಿನ ಮೋಡಿನಲ್ಲಿ 1 ಮತ್ತು 3ನೇ ಸಾಲು ಉಳಿಯುತ್ತವೆ, ತಿರುಗಿಸಿದಾಗ ಅವೇ ಮೇಲಿನಿಂದ 4 ಮತ್ತು 2. ಸ್ಟಿಕ್ಕರ್ ಅಂಟಿಸುವ ಮುಂಚೆ ಇದನ್ನು ನೋಡಿಕೊಳ್ಳಿ.