ಅಂಗಡಿಯ ನೋಟ್‌ಬುಕ್ಕಿನಿಂದ ಶುರು ಮಾಡಿ: ಸಣ್ಣ ವ್ಯಾಪಾರಿಗಳಿಗೆ ಗ್ರಾಹಕರ ಸಾಫ್ಟ್‌ವೇರ್ ಹಾಕಿಕೊಡುವ ಬಗೆ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆಯ ಸಣ್ಣ ವ್ಯಾಪಾರಿಗಳಿಗೆ ಗ್ರಾಹಕರ ಹೆಸರು, ನಂಬರು, ಮಾತುಕತೆ ಎಲ್ಲ ಒಂದು ಕಡೆ ಇಡುವ ಸಾಫ್ಟ್‌ವೇರ್ ಹಾಕಿಕೊಡುವುದು ನನ್ನ ಕೆಲಸ. ಸಿಆರ್‌ಎಂ ಅಂತಾರಲ್ಲ, ಅದೇ. ಪಂಪ್‌ಸೆಟ್ ಅಂಗಡಿ, ಹೋಂಸ್ಟೇ, ಸೋಲಾರ್ ಹೀಟರ್ ಹಾಕುವವರು, ಸಾಗರದ ಗಂಧದ ಕೆತ್ತನೆಯವರು ಎಲ್ಲರೂ ನನ್ನ ಗಿರಾಕಿಗಳೇ. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗ ಹುಡುಗಿಯರು, ಮೊದಲು ಎಲ್ಲಿಂದ ಶುರು ಮಾಡೋದು ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲ ಭೇಟಿಗೆ ಲ್ಯಾಪ್‌ಟಾಪ್ ತಗೊಂಡು ಹೋಗಬೇಡಿ. ಕೌಂಟರ್ ಪಕ್ಕ ಒಂದು ಸ್ಟೂಲ್ ಕೇಳಿ, ಅರ್ಧ ದಿನ ಕೂತ್ಕೊಳ್ಳಿ. ಫೋನ್ ಬಂದಾಗ ಯಜಮಾನರು ಎಲ್ಲಿ ಬರೆದುಕೊಳ್ಳುತ್ತಾರೆ ನೋಡಿ. ನಮ್ಮ ಕಡೆ ಸಾಮಾನ್ಯವಾಗಿ ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ, ಇಲ್ಲಾಂದ್ರೆ ಕ್ಯಾಲೆಂಡರ್ ಹಾಳೆಯ ಹಿಂಭಾಗ. ಅದನ್ನು ತೋರಿಸಿ ಅಂತ ಕೇಳಿ. ಅದರಲ್ಲೇ ನಿಮಗೆ ಬೇಕಾದ್ದೆಲ್ಲ ಇದೆ.

ಶಿವಮೊಗ್ಗದ ಗಾರ್ಡನ್ ಏರಿಯಾದ ಒಂದು ಸ್ಪ್ರೇಯರ್ ಅಂಗಡಿಯ ಪುಸ್ತಕದಲ್ಲಿ ಒಂದು ಸಾಲು ಹೀಗಿತ್ತು: “ಕೋಣಂದೂರು ಭಟ್ರು, ಹಳೇ ಪಂಪು, ಪೈಪು ಸೋರುತ್ತೆ, ಔಷಧಿ ಹೊಡೆಯೋಕೆ ಮುಂಚೆ ಬೇಕು, ಮಗನ ನಂಬರು.” ಕೆಳಗೆ ಒಂದು ಮೊಬೈಲ್ ನಂಬರು. ಅದರ ಪಕ್ಕ ಪೆನ್ಸಿಲಿನಲ್ಲಿ “ಸಂಜೆ ಮೇಲೆ”. ಇದನ್ನು ಬಿಡಿಸಿ ನೋಡಿ. ಕರೆಯುವ ಹೆಸರು, ಊರು, ಯಂತ್ರ, ತೊಂದರೆ, ಯಾವಾಗ ಬೇಕು, ಯಾರಿಗೆ ಫೋನ್ ಮಾಡಬೇಕು, ಯಾವ ಹೊತ್ತಿಗೆ. ಆ ಅಂಗಡಿಯ ಸಾಫ್ಟ್‌ವೇರಿನಲ್ಲಿ ನಾನು ಇಟ್ಟಿದ್ದು ಇವೇ ಏಳು ಕಾಲಂ. ಕಂಪನಿಯ ಹೆಸರು, ಹುದ್ದೆ, ಫ್ಯಾಕ್ಸ್, ವೆಬ್‌ಸೈಟ್ ಅಂತ ಮೊದಲೇ ಬಂದಿರುವ ಖಾನೆಗಳನ್ನೆಲ್ಲ ಮುಚ್ಚಿಟ್ಟೆ. ಅಡಿಕೆ ತೋಟದವರಿಗೆ ಹುದ್ದೆ ಯಾಕೆ, ಅಲ್ವಾ?

ಆಮೇಲೆ ಯಜಮಾನರಿಗೆ ಒಂದೇ ಒಂದು ಪ್ರಶ್ನೆ ಕೇಳಿ: “ಏನು ಮರೆತುಹೋದಾಗ ನಿಮಗೆ ವ್ಯಾಪಾರ ತಪ್ಪುತ್ತೆ?” ಹೋಂಸ್ಟೇಯವರು, ಅಡ್ವಾನ್ಸ್ ಯಾರು ಹಾಕಿದ್ದಾರೆ ಅನ್ನೋದೇ ಗೊತ್ತಾಗಲ್ಲ ಅನ್ನುತ್ತಾರೆ. ಸೋಲಾರಿನವರು, ರೇಟ್ ಹೇಳಿ ಬಂದ ಮೇಲೆ ಮತ್ತೆ ಫೋನ್ ಮಾಡೋಕೆ ಆಗಲ್ಲ ಅನ್ನುತ್ತಾರೆ. ಮೊದಲ ತಿಂಗಳು ಆ ಒಂದು ತೊಂದರೆ ಮಾತ್ರ ಬಗೆಹರಿಯಲಿ. ಉಳಿದದ್ದು ಆಮೇಲೆ. ಎಲ್ಲವನ್ನೂ ಒಟ್ಟಿಗೆ ತೋರಿಸಿದರೆ ಅವರು ತಲೆ ಆಡಿಸುತ್ತಾರೆ, ನೀವು ಬೈಕ್ ಹತ್ತಿದ ಕೂಡಲೇ ನೋಟ್‌ಬುಕ್ಕಿಗೆ ಹಿಂದಿರುಗುತ್ತಾರೆ.

ಯಾವ ಸಾಫ್ಟ್‌ವೇರ್ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೋನ್ ಎತ್ತುವವರು ಒಬ್ಬರೇ ಆಗಿದ್ದರೆ ಗೂಗಲ್ ಕಾಂಟ್ಯಾಕ್ಟ್ಸ್ ಮತ್ತು ವಾಟ್ಸಾಪ್ ಬಿಸಿನೆಸ್‌ನ ಲೇಬಲ್‌ಗಳೇ ಸಾಕು. ಇಬ್ಬರು ಮೂವರು ಇದ್ದು, ಯಾರು ಯಾರ ಹತ್ತಿರ ಏನು ಮಾತಾಡಿದರು ಅಂತ ಗೊತ್ತಾಗಬೇಕು ಅಂದರೆ ಜೋಹೋದವರ ಬಿಗಿನ್, ಹಬ್‌ಸ್ಪಾಟ್‌ನ ಉಚಿತ ಆವೃತ್ತಿ, ಹೀಗೆ ಏನಾದರೂ ನೋಡಿ. ದೊಡ್ಡದನ್ನು ಕೊಳ್ಳಿಸಿ ಅರ್ಧಕ್ಕೆ ಬಿಡಿಸುವುದಕ್ಕಿಂತ ಸಣ್ಣದನ್ನು ಪೂರ್ತಿ ಬಳಸುವುದು ಒಳ್ಳೆಯದು.

ಈಗ ಹೆಸರಿನ ವಿಷಯ. ಹಲವು ಸಾಫ್ಟ್‌ವೇರ್‌ಗಳಲ್ಲಿ ಕೊನೆಯ ಹೆಸರು ಕಡ್ಡಾಯ. ನಮ್ಮಲ್ಲಿ ಇನಿಷಿಯಲ್ ಇರುತ್ತದೆ, ಮನೆತನದ ಹೆಸರಿರುತ್ತದೆ, ಊರ ಹೆಸರಿರುತ್ತದೆ. ಇದನ್ನೆಲ್ಲ ಮೊದಲು, ನಡು, ಕೊನೆ ಅಂತ ಕತ್ತರಿಸಲು ಹೋಗಬೇಡಿ. ಯಜಮಾನರು ಫೋನಿನಲ್ಲಿ ಹೇಗೆ ಕರೆಯುತ್ತಾರೋ ಹಾಗೇ ಪೂರ್ತಿಯಾಗಿ ಕೊನೆಯ ಹೆಸರಿನ ಖಾನೆಯಲ್ಲಿ ಬರೆಯಿರಿ. ಹುಡುಕುವಾಗ ಅವರ ಬಾಯಿಗೆ ಬರುವುದು ಅದೇ. “ಮಂಜಣ್ಣ” ಅಂತ ಹಾಕಿದರೆ ಒಂದು ಅಂಗಡಿಯಲ್ಲೇ ಸಾಲುಗಟ್ಟಲೆ ಮಂಜಣ್ಣಂದಿರು ಸಿಗುತ್ತಾರೆ. ಹಾಗಾಗಿ ಊರಿನ ಖಾನೆ ಖಾಲಿ ಬಿಡಲೇಬಾರದು.

ಊರನ್ನು ಕೈಯಲ್ಲಿ ಟೈಪ್ ಮಾಡಲು ಮಾತ್ರ ಬಿಡಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ತೀರ್ಥಹಳ್ಳಿಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. 2014ರ ನವೆಂಬರ್ 1ರಿಂದ ನಮ್ಮ ಊರು ಅಧಿಕೃತವಾಗಿ ಶಿವಮೊಗ್ಗ. ಹಳೆಯ ಬಿಲ್ಲುಗಳಲ್ಲಿ ಮಾತ್ರ ಇನ್ನೂ ಶಿಮೊಗಾ ಅಂತಲೇ ಇದೆ. ಒಂದೇ ಊರು ನಾಲ್ಕು ಊರಾಗಿ ಕೂತರೆ, “ತೀರ್ಥಹಳ್ಳಿ ಕಡೆಗೆ ನಾಳೆ ಗಾಡಿ ಹೋಗುತ್ತೆ, ಯಾರ್ಯಾರ ಕೆಲಸ ಇದೆ?” ಅಂತ ಹುಡುಕಿದಾಗ ಅರ್ಧ ಜನ ಸಿಗುವುದೇ ಇಲ್ಲ. ಆಯ್ಕೆಯ ಪಟ್ಟಿ ಮಾಡಿಡಿ. ಕನ್ನಡದಲ್ಲೇ ಮಾಡಿ. ತಾಲ್ಲೂಕು ಒಂದು ಖಾನೆ, ಅದರೊಳಗೆ ಹೋಬಳಿ ಅಥವಾ ಗಾಡಿ ಹೋಗುವ ದಾರಿ ಇನ್ನೊಂದು. ರಿಪ್ಪನ್‌ಪೇಟೆ ದಾರಿ, ಆಗುಂಬೆ ದಾರಿ, ಹೀಗೆ ದಾರಿಯ ಹೆಸರೇ ಇದ್ದರೆ ಸರ್ವಿಸ್ ಹುಡುಗರಿಗೆ ತುಂಬಾ ಅನುಕೂಲ.

ಹಳೆಯ ಪಟ್ಟಿ ಕಂಪ್ಯೂಟರಿನಲ್ಲಿ ಮೊದಲೇ ಇದ್ದರೆ ಎರಡು ಕಡೆ ಹುಷಾರಾಗಿರಿ. ಒಂದು, ಎಕ್ಸೆಲ್. ನಂಬರಿನ ಶುರುವಿಗೆ 91 ಸೇರಿಸಿ 12 ಅಂಕಿ ಮಾಡಿದರೆ ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆ ಅಂತ ತಿಳಿದು ಚುಟುಕಾಗಿ ತೋರಿಸುತ್ತದೆ. ಹಾಗೇ ಸಿಎಸ್‌ವಿ (ಬೇರೆ ಸಾಫ್ಟ್‌ವೇರಿಗೆ ಹಾಕಲು ಬಳಸುವ ಸರಳ ಪಟ್ಟಿಯ ಫೈಲು) ಮಾಡಿ ಉಳಿಸಿದರೆ ಕೊನೆಯ ಅಂಕಿಗಳು ಹೋದವು ಅಂತಲೇ ಲೆಕ್ಕ. ಲ್ಯಾಂಡ್‌ಲೈನಿನ 08182, 08181ರ ಮೊದಲ ಸೊನ್ನೆಯೂ ಹಾರಿಹೋಗುತ್ತದೆ. ನಂಬರು ತುಂಬುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಬದಲಾಯಿಸಿ. ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಅನ್ನೋದನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡ ಹೆಸರೆಲ್ಲ ಪ್ರಶ್ನೆ ಚಿಹ್ನೆ ಆಗುತ್ತವೆ.

ಎರಡನೆಯದು ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿದ ಹಳೆಯ ಪಟ್ಟಿ. ಪ್ರಿಂಟಿಂಗ್ ಪ್ರೆಸ್, ಸೊಸೈಟಿ, ಚಿಟ್‌ಫಂಡ್‌ನವರ ಹತ್ತಿರ ಇಂಥವು ಜಾಸ್ತಿ. ಅವರ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಯಾಕಂದ್ರೆ ಅಲ್ಲಿ ಆ ಫಾಂಟ್ ಇದೆ. ಸಾಫ್ಟ್‌ವೇರಿಗೆ ಹಾಕಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗುತ್ತದೆ. ಫಾಂಟ್ ಬದಲಾಯಿಸಿದರೆ ಸರಿಹೋಗುವುದಿಲ್ಲ, ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಓದಿಸುವ ಯೂನಿಕೋಡಿಗೆ ಪರಿವರ್ತಿಸಲೇಬೇಕು. ನುಡಿಯಲ್ಲೇ ಅದಕ್ಕೆ ಪರಿವರ್ತಕ ಇದೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಂದು ಸಲ ಕಣ್ಣಾಡಿಸಿ.

ಹಾಗಂತ ಇರುವುದನ್ನೆಲ್ಲ ಒಳಗೆ ತುಂಬಬೇಡಿ. ಯಜಮಾನರ ಫೋನಿನಲ್ಲಿ ಹೆಂಡತಿಯ ಅಣ್ಣ, ಗ್ಯಾಸಿನವನು, ದೇವಸ್ಥಾನದ ಭಟ್ಟರು ಎಲ್ಲ ಇರುತ್ತಾರೆ. ಕಳೆದ ಒಂದು ವರ್ಷದಲ್ಲಿ ದುಡ್ಡು ಕೊಟ್ಟವರು, ಈಗ ಏನಾದರೂ ವಿಚಾರಿಸುತ್ತಿರುವವರು, ಇಷ್ಟೇ ಸಾಕು. ಮೊದಲ ಐವತ್ತು ಹೆಸರನ್ನು ಅವರ ಕೈಯಿಂದಲೇ ಹಾಕಿಸಿ. ನಿಧಾನ ಆಗುತ್ತದೆ, ಆದರೂ ಹಾಕಿಸಿ. ಹಾಕುವಾಗ ಅವರೇ “ಅಯ್ಯೋ, ಇವರಿಗೆ ಫೋನ್ ಮಾಡೋದಿತ್ತು” ಅಂತ ಎದ್ದು ಕೂರುತ್ತಾರೆ. ಸಾಫ್ಟ್‌ವೇರಿನ ಮೇಲೆ ನಂಬಿಕೆ ಬರುವುದು ಅಲ್ಲೇ.

ಎರಡೆರಡು ಸಲ ಬಂದ ಹೆಸರನ್ನು ಸೇರಿಸಲು ಗೂಗಲ್ ಕಾಂಟ್ಯಾಕ್ಟ್ಸ್ ತಾನೇ ಸಲಹೆ ಕೊಡುತ್ತದೆ. ಕಣ್ಣುಮುಚ್ಚಿ ಒಪ್ಪಬೇಡಿ. ಮಲೆನಾಡಿನ ಒಂಟಿ ಮನೆಗಳಲ್ಲಿ ಒಂದೇ ನಂಬರನ್ನು ಅಪ್ಪ, ಮಗ, ತೋಟ ನೋಡಿಕೊಳ್ಳುವ ರೈಟರ್ ಮೂವರೂ ಕೊಟ್ಟಿರುತ್ತಾರೆ. ಸೇರಿಸಿದರೆ ಮೂವರೂ ಒಬ್ಬರಾಗುತ್ತಾರೆ. ತಪ್ಪಿ ಸೇರಿಸಿದರೆ 30 ದಿನದೊಳಗೆ ಹಿಂದಿನ ಸ್ಥಿತಿಗೆ ತರಬಹುದು, ಅದು ನೆನಪಿರಲಿ.

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಮುಂದಿನ ಫೋನ್ ದಿನಾಂಕ. ಅದೊಂದು ಖಾನೆ ತುಂಬುವುದನ್ನು ಕಲಿಸಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಕಷ್ಟ ಏನಂದರೆ ನಮ್ಮ ಜನ ತಾರೀಖು ಹೇಳುವುದೇ ಇಲ್ಲ. “ಗೌರಿ ಹಬ್ಬ ಕಳೀಲಿ”, “ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಮುಗೀಲಿ”, “ಅಡಿಕೆ ಕೊಟ್ಟ ಮೇಲೆ ನೋಡೋಣ”, “ಆರಿದ್ರಾ ಮಳೆ ಹಿಡಿಯೋದ್ರೊಳಗೆ ಆಗಬೇಕು”. ಸಾಫ್ಟ್‌ವೇರಿಗೆ ಇದು ಅರ್ಥ ಆಗುವುದಿಲ್ಲ. ಯಜಮಾನರಿಗೆ ಚೆನ್ನಾಗಿ ಅರ್ಥ ಆಗುತ್ತದೆ. ಇವೆರಡನ್ನೂ ಜೋಡಿಸುವುದೇ ನಮ್ಮ ಕೆಲಸ.

ನಾನು ಮಾಡುವುದು ಇಷ್ಟು. ಗ್ರಾಹಕರು ಹೇಳಿದ ಮಾತನ್ನು ಹಾಗೇ ಟಿಪ್ಪಣಿಯಲ್ಲಿ ಬರೆಸುತ್ತೇನೆ. ಆಮೇಲೆ ಯಜಮಾನರ ಜೊತೆ ಕೂತು ಒಂದು ಪಟ್ಟಿ ಮಾಡಿ ಕೌಂಟರಿನ ಹಿಂದೆ ಅಂಟಿಸುತ್ತೇನೆ. ಮೃಗಶಿರ ಅಂದರೆ ಜೂನ್ 7, 8ರ ಹೊತ್ತಿಗೆ. ಆರಿದ್ರಾ ಅಂದರೆ ಜೂನ್ 21, 22. ಪುನರ್ವಸು ಜುಲೈ 5, 6. ಹಬ್ಬಗಳ ತಾರೀಖು ಪ್ರತಿವರ್ಷ ಬದಲಾಗುತ್ತದೆ, ಹಾಗಾಗಿ ಯುಗಾದಿಗೆ ಹೊಸ ಪಂಚಾಂಗ ಬಂದಾಗ ಆ ಪಟ್ಟಿ ತಿದ್ದಬೇಕು. “ಆರಿದ್ರಾಕ್ಕೆ ಮುಂಚೆ” ಅಂದರೆ ಜೂನ್ 10ಕ್ಕೆ ಫೋನ್ ಅಂತ ಹಾಕಿ. ಕೊನೆಯ ದಿನಕ್ಕೆ ಹಾಕಿದರೆ ಉಪಯೋಗ ಇಲ್ಲ.

ಸ್ಪ್ರೇಯರ್ ಅಂಗಡಿಯನ್ನೇ ಮತ್ತೆ ನೋಡಿ. ಅಡಿಕೆಗೆ ಕೊಳೆರೋಗ ಬಾರದಂತೆ ಮುಂಗಾರು ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಸುಮಾರು 40, 45 ದಿನ ಬಿಟ್ಟು ಇನ್ನೊಂದು ಸಲ. ಅಂದರೆ ಮೇ ಮಧ್ಯದಲ್ಲಿ ಎಲ್ಲರಿಗೂ ಪಂಪು ಸರ್ವಿಸ್ ಆಗಬೇಕು, ಜುಲೈನಲ್ಲಿ ಮತ್ತೆ ವಾಷರು, ಪೈಪು, ನಾಜಲ್ ಬೇಕು. ಎಲ್ಲರೂ ಒಂದೇ ವಾರ ಬಂದು ನಿಂತರೆ ಇಬ್ಬರು ಮೆಕ್ಯಾನಿಕ್ ಏನು ಮಾಡಲು ಸಾಧ್ಯ? ಹಾಗಾಗಿ ಹಿಂದಿನ ವರ್ಷ ಸರ್ವಿಸ್ ಮಾಡಿಸಿದವರಿಗೆ ಏಪ್ರಿಲ್ ಕೊನೆಯಲ್ಲೇ, ದಾರಿಯ ಪ್ರಕಾರ, ಒಂದೊಂದು ವಾರ ಒಂದೊಂದು ಕಡೆಗೆ ಫೋನ್ ಹೋಗುವಂತೆ ದಿನಾಂಕ ಹಾಕಿಸಿದೆ. ಮೆಕ್ಯಾನಿಕ್‌ಗಳಿಗೂ ಉಸಿರಾಡಲು ಸಮಯ ಸಿಕ್ಕಿತು, ತೋಟದವರಿಗೂ ಹೊತ್ತಿಗೆ ಪಂಪು ಸಿಕ್ಕಿತು. ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟದ್ದು ಅದು.

ವ್ಯವಹಾರದ ಹಂತಗಳನ್ನೂ ಅವರ ಮಾತಿನಲ್ಲೇ ಇಡಿ. ವಿಚಾರಿಸಿದ್ರು, ರೇಟ್ ಹೇಳಿದೀವಿ, ಮನೇಲಿ ಕೇಳ್ತೀನಿ ಅಂದ್ರು, ಅಡ್ವಾನ್ಸ್ ಬಂತು, ಬೇಡ ಅಂದ್ರು. ಐದಕ್ಕಿಂತ ಜಾಸ್ತಿ ಬೇಡ.

ಉದ್ರಿ ಲೆಕ್ಕವನ್ನು ಇದರಲ್ಲೇ ಇಡಬಹುದಾ ಅಂತ ಖಂಡಿತ ಕೇಳುತ್ತಾರೆ. ಬೇಡ ಅನ್ನಿ. ಅದು ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೋ ಖಾತೆ ಪುಸ್ತಕದಲ್ಲೋ ಇರಲಿ. ಎರಡು ಕಡೆ ಲೆಕ್ಕ ಇದ್ದರೆ ಎರಡೂ ತಾಳೆ ಆಗುವುದಿಲ್ಲ, ಜಗಳ ಗ್ಯಾರಂಟಿ.

ಟೈಪ್ ಮಾಡೋಕೆ ಬರಲ್ಲ ಅನ್ನುವವರಿಗೆ ಫೋನಿನ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಹಾಕಿಕೊಟ್ಟು ಮೈಕ್ ತೋರಿಸಿ. ಮಾತಾಡಿದರೆ ಅದೇ ಬರೆಯುತ್ತದೆ. ಊರ ಹೆಸರು ಒಮ್ಮೊಮ್ಮೆ ತಪ್ಪುತ್ತದೆ, ಆದರೆ ಊರಿಗೆ ಹೇಗೂ ಆಯ್ಕೆಯ ಪಟ್ಟಿ ಇದೆಯಲ್ಲ.

ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಲೆನಾಡಿನಲ್ಲಿ ಏನನ್ನೂ ಹಾಕಿಕೊಡಬೇಡಿ. ಆಗುಂಬೆ, ಹೊಸನಗರ ಕಡೆ ಕರೆಂಟು ಹೋದರೆ ಟವರೂ ಹೋಗುತ್ತದೆ. ಹಾಕಿಕೊಡುವ ದಿನವೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಆ್ಯಪ್ ತೆರೆದು ನೋಡಿ. ಹೆಸರು, ನಂಬರು ಕಾಣುತ್ತದಾ? ಹೊಸ ಟಿಪ್ಪಣಿ ಬರೆದರೆ ಉಳಿಯುತ್ತದಾ? ಕಾಣದಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ವಾರದ ಫೋನ್ ಪಟ್ಟಿಯನ್ನು ಸೋಮವಾರ ಪ್ರಿಂಟ್ ತೆಗೆದಿಡುವ ಅಭ್ಯಾಸ ಮಾಡಿಸಿ.

ಖಾತೆ ತೆರೆಯುವುದು ಯಜಮಾನರ ಇಮೇಲ್, ಯಜಮಾನರ ನಂಬರಿನಲ್ಲೇ. ಕೆಲಸದ ಹುಡುಗನ ಸ್ವಂತ ಇಮೇಲಿನಲ್ಲಿ ತೆರೆದು, ಅವನು ಬೆಂಗಳೂರಿಗೆ ಹೋದ ಮೇಲೆ ಒಳಗೆ ಹೋಗಲಾಗದೆ ಒದ್ದಾಡಿದ ಅಂಗಡಿ ನೋಡಿದ್ದೇನೆ. ನಿಮ್ಮ ಇಮೇಲಿನಲ್ಲಂತೂ ತೆರೆಯಲೇಬೇಡಿ. ಸಬ್ಸಿಡಿಗೆ ಅಂತ ಗ್ರಾಹಕರು ಆಧಾರ್, ಪಹಣಿ, ಪಾಸ್‌ಬುಕ್ಕಿನ ಫೋಟೋ ಕಳಿಸಿರುತ್ತಾರೆ. ಅದನ್ನು ಈ ಸಾಫ್ಟ್‌ವೇರಿಗೆ ಸೇರಿಸಬಾರದು. ಜನರ ಮಾಹಿತಿ ಕಾಪಾಡಲು 2023ರಲ್ಲಿ ಕಾಯ್ದೆಯೇ ಆಗಿದೆ. ಕಾಯ್ದೆ ಇಲ್ಲದಿದ್ದರೂ, ನಂಬಿ ಕೊಟ್ಟ ಕಾಗದ ಅದು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸುವ ಮೊದಲೂ ಗ್ರಾಹಕರನ್ನು ಕೇಳಿ. ಹೇಗೂ ಅಂಗಡಿಯ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಆ ಮೆಸೇಜ್ ತಲುಪುವುದು.

ಒಂದು ವಾರ ಬಿಟ್ಟು ಹೋಗಿ. ತಿಂಗಳಾದ ಮೇಲೆ ಇನ್ನೊಮ್ಮೆ ಹೋಗಿ. ಆಗ ನೋಡಬೇಕಾದ್ದು ಎರಡೇ: ದಿನಾಂಕ ದಾಟಿಯೂ ಫೋನ್ ಆಗದವರ ಪಟ್ಟಿ ಎಷ್ಟು ಉದ್ದ ಇದೆ, ಯಾವ ಖಾನೆ ಯಾರೂ ತುಂಬಿಲ್ಲ. ಪಟ್ಟಿ ಉದ್ದವಾಗಿದ್ದರೆ ಬೈಯಬೇಡಿ. ಜೊತೆಗೆ ಕೂತು ಹಳೆಯದನ್ನು ತೆಗೆದುಹಾಕಿ, ದಿನಕ್ಕೆ ಐದೇ ಫೋನ್ ಬರುವಂತೆ ದಿನಾಂಕ ಹಂಚಿ. ಖಾಲಿ ಬಿದ್ದ ಖಾನೆಯನ್ನು ಅಳಿಸಿ. ಹೊರಡುವ ಮುಂಚೆ ಪೂರ್ತಿ ಪಟ್ಟಿಯನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ ಯಜಮಾನರ ಕೈಗೆ ಕೊಡಿ. ಮುಂದಿನ ತಿಂಗಳು ಅವರೇ ಇಳಿಸಿಕೊಳ್ಳುವ ಹಾಗೆ ಒಂದು ಸಲ ಮಾಡಿಸಿ ನೋಡಿ.