ಜಿಪ್ಸಿ ಬ್ರೇಕ್ ಮನೆಯಲ್ಲೇ ಬಲಪಡಿಸುವುದು ಹೇಗೆ? ಏರ್ ತೆಗೆಯುವಾಗ ಅವಸರ ಬೇಡ

ಚಾರ್ಮಾಡಿ ಘಾಟಿ ಇಳಿಯುವಾಗ ನಮ್ಮ ಮುಂದಿದ್ದ ಗೆಳೆಯನ ಜಿಪ್ಸಿಯ ಬ್ರೇಕ್ ಪೆಡಲ್ ಒಮ್ಮೆಗೇ ನೆಲಕ್ಕೆ ತಾಗಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ ಹೇಗೋ ನಿಲ್ಲಿಸಿದ. ಎರಡು ವಾರದ ಹಿಂದಷ್ಟೇ ಆ ಗಾಡಿಗೆ ಹೊಸ ಡಿಸ್ಕ್, ಹೊಸ ಪ್ಯಾಡ್, ಸ್ಟೀಲ್ ಹೆಣಿಗೆಯ ಹೋಸ್ ಎಲ್ಲ ಹಾಕಿಸಿದ್ದ. ಸಾಮಾನು ಒಳ್ಳೆಯದೇ. ಆದರೆ ಹಳೆ ಡಬ್ಬದಲ್ಲಿ ಉಳಿದಿದ್ದ ಬ್ರೇಕ್ ಆಯಿಲ್ ತುಂಬಿ, ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿಯನ್ನು, ಅಂದರೆ ಏರ್ ಅನ್ನು, ಅರ್ಧಂಬರ್ಧ ತೆಗೆದು ಕಳಿಸಿದ್ದರು. ಅವತ್ತಿನಿಂದ ನಮ್ಮ ಬಳಗದ ಗಾಡಿಗಳ ಬ್ರೇಕ್ ಕೆಲಸವನ್ನು ನಾವೇ ಮನೆಯಂಗಳದಲ್ಲಿ ಮಾಡಿಕೊಳ್ಳುತ್ತೇವೆ. ಮೊದಲ ಸಲ ಮಾಡುವವರು ಕೆಲಸ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಜಿಪ್ಸಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಕಂಪನಿ ಕೊಟ್ಟ ಟೈರ್ ಇದ್ದಾಗ ಈ ಬ್ರೇಕ್ ಸಾಕು. ದೊಡ್ಡ ಟೈರ್, ಕಬ್ಬಿಣದ ಬಂಪರ್, ಮೇಲೆ ಕ್ಯಾರಿಯರ್ ಸೇರಿದ ಮೇಲೆ ಸಾಕಾಗುವುದಿಲ್ಲ. ಟೈರ್ ದೊಡ್ಡದಾದಷ್ಟೂ ಅದನ್ನು ನಿಲ್ಲಿಸಲು ಡಿಸ್ಕ್ ಮೇಲೆ ಜಾಸ್ತಿ ಬಲ ಬೇಕು. ಹಾಗಂತ ಹಿಂದಿನ ಡ್ರಮ್ ಕಿತ್ತು ಡಿಸ್ಕ್ ಹಾಕಲು ಹೊರಡಬೇಡಿ. ಮೂಲ ವಿನ್ಯಾಸ ಬದಲಿಸುವ ಕೆಲಸ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ಬರುತ್ತದೆ, ಆರ್‌ಟಿಒ ಕಚೇರಿಯಲ್ಲಿ ಕೇಳದೆ ಮಾಡುವಂಥದ್ದಲ್ಲ. ಮುಂದಕ್ಕೆ ಒಳ್ಳೆ ಪ್ಯಾಡ್, ಹೊಸ ಡಿಸ್ಕ್, ಗಟ್ಟಿ ಹೋಸ್, ತಾಜಾ ಆಯಿಲ್. ಇಷ್ಟೇ ಸಾಕು.

ಮೊದಲು ಸಾಮಾನು

ಡಿಸ್ಕ್ ಸಾದಾ ಇರಲಿ. ತೂತು ಕೊರೆದ ಡಿಸ್ಕ್ ನೋಡಲು ಚಂದ. ಕೆಸರಿನಲ್ಲಿ ಓಡಿಸುವವರಿಗೆ ಅದು ಬೇಡವೇ ಬೇಡ. ತೂತಿನಲ್ಲಿ ಮಣ್ಣು, ಸಣ್ಣ ಕಲ್ಲು ಕೂರುತ್ತವೆ, ಬಿರುಕು ಬಿಡುವುದೂ ಅಲ್ಲಿಂದಲೇ. ಪ್ಯಾಡ್‌ನಲ್ಲಿ ನನ್ನ ಆಯ್ಕೆ ಸೆಮಿ ಮೆಟಾಲಿಕ್, ಅಂದರೆ ಲೋಹದ ಚೂರು ಬೆರೆಸಿದ್ದು. ಸ್ವಲ್ಪ ಸದ್ದು ಮಾಡುತ್ತದೆ, ಡಿಸ್ಕ್ ಸ್ವಲ್ಪ ಬೇಗ ಸವೆಯುತ್ತದೆ, ಆದರೆ ಘಾಟಿಯಲ್ಲಿ ಬಿಸಿಯಾದಾಗಲೂ ಹಿಡಿತ ಬಿಡುವುದಿಲ್ಲ. ಅರ್ಧ ಬೆಲೆಗೆ ಸಿಗುವ ನಕಲಿ ಪ್ಯಾಡ್ ಮುಟ್ಟಬೇಡಿ. ಅಂಥದ್ದೊಂದರ ಅಂಚನ್ನು ಉಗುರಿನಲ್ಲಿ ಕೆರೆದೆ, ರಂಗೋಲಿ ಪುಡಿಯ ಹಾಗೆ ಉದುರಿತು.

ಬ್ರೇಕ್ ಆಯಿಲ್ ಡಾಟ್ 4 ಇರಲಿ. ಹೊಸತಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ಇದು ಗಾಳಿಯ ತೇವ ಹೀರುತ್ತದೆ. ನೀರಿನಂಶ ನೂರಕ್ಕೆ 4ರ ಹತ್ತಿರ ಬಂದರೆ ಅದೇ ಆಯಿಲ್ 155 ಡಿಗ್ರಿ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಪೈಪಿನೊಳಗೆ ಆವಿ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬ ಬೇಗ ಕೆಡುತ್ತದೆ. ಅದಕ್ಕೇ ಒಂದು ಲೀಟರ್ ಡಬ್ಬ ತರುವ ಬದಲು 250 ಎಂಎಲ್‌ನ ನಾಲ್ಕು ಬಾಟಲಿ ತನ್ನಿ, ಬೇಕಾದಷ್ಟೇ ತೆರೆಯಿರಿ. ಡಾಟ್ 5 ಎಂದು ಬರೆದದ್ದು ಬೇರೆಯೇ ಜಾತಿ, ಸಿಲಿಕೋನ್. ಅದನ್ನು ಇದರ ಜೊತೆ ಬೆರೆಸಲೇಬಾರದು.

ಹಂತ 1: ಎತ್ತಿ, ಬಿಚ್ಚಿ

ಸಮತಟ್ಟು ಗಟ್ಟಿ ನೆಲ ಬೇಕು. ಕೆಳಗಿರುವ ಚಕ್ರಗಳಿಗೆ ಮರದ ತುಂಡು ಕೊಡಿ, ಜಾಕ್ ಏರಿಸಿದ ಮೇಲೆ ಆ್ಯಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಸಿಮೆಂಟ್ ಇಟ್ಟಿಗೆ ಇಡಬೇಡಿ, ಹೇಳದೆ ಕೇಳದೆ ಒಡೆಯುತ್ತದೆ. ಚಕ್ರ ಬಿಚ್ಚಿ, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಬಿಚ್ಚಿ, ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ. ಹೋಸ್ ಮೇಲೆ ಜೋತು ಬಿಡಬಾರದು. ಒಳಗಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಬ್ರೇಕ್ ಕ್ಲೀನರ್ ಹಾಕಿ ತೊಳೆಯಿರಿ. ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹಂತ 2: ಡಿಸ್ಕ್, ಪ್ಯಾಡ್

ಹಳೆ ಡಿಸ್ಕ್ ತುಕ್ಕು ಹಿಡಿದು ಬರದಿದ್ದರೆ ಅದರಲ್ಲಿ ಬೋಲ್ಟ್ ತಿರುಗಿಸುವ ಥ್ರೆಡ್ ಇರುವ ತೂತು ಇದೆಯೇ ನೋಡಿ. ಇದ್ದರೆ ಬೋಲ್ಟ್ ಹಾಕಿ ಎರಡೂ ಕಡೆ ಸಮವಾಗಿ ತಿರುಗಿಸಿದರೆ ತಾನಾಗಿ ಎದ್ದು ಬರುತ್ತದೆ. ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ. ಅಲ್ಲೊಂದು ತುಕ್ಕಿನ ಹಕ್ಕಳೆ ಉಳಿದರೂ ಡಿಸ್ಕ್ ಓರೆಯಾಗಿ ಕೂತು ಪೆಡಲ್ ನಡುಗುತ್ತದೆ. ಹೊಸ ಡಿಸ್ಕ್‌ಗೆ ಬಳಿದಿರುವ ಎಣ್ಣೆಯನ್ನು ಕ್ಲೀನರ್‌ನಲ್ಲಿ ಪೂರ್ತಿ ತೆಗೆಯಿರಿ.

ಕ್ಯಾಲಿಪರ್‌ನ ಪಿಸ್ಟನ್ ಒಳಗೆ ತಳ್ಳುವಾಗ ಬ್ಲೀಡರ್ ನಿಪ್ಪಲ್‌ಗೆ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಪೈಪ್ ಹಾಕಿ ತೆರೆದಿಡಿ. ಕೊಳೆ ಆಯಿಲ್ ಹೊರಗೆ ಬರಲಿ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆಗೆ ವಾಪಸ್ ಹೋಗದಿರಲಿ. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಹಿಡಿದುಕೊಳ್ಳುತ್ತದೆ.

ಹಂತ 3: ಹೋಸ್

ಹಳೆ ರಬ್ಬರ್ ಹೋಸ್ ಪೆಡಲ್ ಒತ್ತಿದಾಗ ಒಳಗೇ ಉಬ್ಬುತ್ತದೆ. ಸ್ಟೀಲ್ ಹೆಣಿಗೆಯದ್ದು ಅಷ್ಟು ಉಬ್ಬುವುದಿಲ್ಲ, ಪೆಡಲ್ ಗಟ್ಟಿ ಅನಿಸುತ್ತದೆ. ಪೈಪಿನ ನಟ್ ಬಿಚ್ಚಲು ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕೇ ಬೇಕು. ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ನಟ್ ಗುಂಡಗಾಗುತ್ತದೆ. ತಾಮ್ರದ ವಾಷರ್ ಪ್ರತಿ ಸಲವೂ ಹೊಸದು. ಸಸ್ಪೆನ್ಷನ್ ಬದಲಿಸಿ ಗಾಡಿಯನ್ನು ಎತ್ತರಿಸಿದ್ದರೆ ಹೋಸ್ ಕೂಡ ಅಷ್ಟು ಉದ್ದದ್ದು ಬೇಕು. ಚಕ್ರವನ್ನು ಪೂರ್ತಿ ಜೋತುಬಿಟ್ಟು, ಸ್ಟೀರಿಂಗ್ ಎಡ ತುದಿಯಿಂದ ಬಲ ತುದಿವರೆಗೆ ತಿರುಗಿಸಿ ನೋಡಿ. ಎಲ್ಲೂ ಬಿಗಿಯಬಾರದು, ಟೈರಿಗೆ ತಾಗಬಾರದು.

ಹಂತ 4: ಏರ್ ತೆಗೆಯುವುದು

ಎಲ್ಲರೂ ಎಡವುವುದು ಇಲ್ಲೇ. ಅರ್ಧ ದಿನ ಎತ್ತಿಡಿ.

ಶುರು ಮಾಡುವ ಮುಂಚೆ ಮೂರು ಕೆಲಸ. ಒಂದು, ಹಿಂದಿನ ಡ್ರಮ್‌ನ ಶೂ (ಡ್ರಮ್‌ಗೆ ಒಳಗಿಂದ ಒತ್ತುವ ಪಟ್ಟಿ) ಅಡ್ಜಸ್ಟ್ ಮಾಡಿ. ಶೂ ದೂರ ಇದ್ದರೂ ಪೆಡಲ್ ಕೆಳಗೆ ಹೋಗುತ್ತದೆ, ಜನ ಅದನ್ನು ಏರ್ ಅಂದುಕೊಂಡು ಸುಮ್ನೆ ಆಯಿಲ್ ಚೆಲ್ಲುತ್ತಾರೆ. ಎರಡು, ಬ್ಲೀಡರ್ ನಿಪ್ಪಲ್ ಕ್ಯಾಲಿಪರ್‌ನ ಮೇಲ್ಭಾಗದಲ್ಲೇ ಇದೆಯಾ ನೋಡಿ. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಇರುವುದು ಮೇಲೆ, ನೀವು ತೆಗೆಯುವುದು ಕೆಳಗಿಂದ. ಸಂಜೆವರೆಗೆ ತುಳಿದರೂ ಹೋಗುವುದಿಲ್ಲ. ಮೂರು, ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಹಳೆ ಮಾಸ್ಟರ್ ಸಿಲಿಂಡರ್‌ನ ತಳದಲ್ಲಿ ತುಕ್ಕು, ಕೆಸರು ಕೂತಿರುತ್ತದೆ. ಪೆಡಲ್ ನೆಲಕ್ಕೆ ಮುಟ್ಟುವಷ್ಟು ತುಳಿದರೆ ಸೀಲ್ ಅಲ್ಲಿಗೆ ಹೋಗಿ ಹರಿಯುತ್ತದೆ.

ಮಾಸ್ಟರ್ ಸಿಲಿಂಡರ್ ಇರುವುದು ಬಲಗಡೆ. ಅದಕ್ಕೆ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಹಿಂದಿನ ಆ್ಯಕ್ಸಲ್ ಹತ್ತಿರ ಒತ್ತಡ ಹಂಚುವ ವಾಲ್ವ್ ಇದ್ದು, ಅದಕ್ಕೂ ನಿಪ್ಪಲ್ ಇದ್ದರೆ ಅದನ್ನೂ ಬಿಡಬೇಡಿ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪನ್ನು ನಿಪ್ಪಲ್‌ಗೆ ಸಿಕ್ಕಿಸಿ. ಇನ್ನೊಂದು ತುದಿ ಬಾಟಲಿಯಲ್ಲಿ, ಹೊಸ ಆಯಿಲ್‌ನಲ್ಲಿ ಮುಳುಗಿರಲಿ.

ಈಗ ಇಬ್ಬರು ಬೇಕು. ನಮ್ಮಲ್ಲಿ ಪೆಡಲ್ ತುಳಿಯುವವನು ನನ್ನ ತಮ್ಮ. ಒಮ್ಮೆ ನಾನು ಗಾಡಿ ಕೆಳಗಿಂದ ‘ಬಿಟ್ಟೆ’ ಅಂದೆ, ಅಂದರೆ ನಿಪ್ಪಲ್ ಸಡಿಲಿಸಿದೆ ಅಂತ. ಅವನಿಗೆ ‘ಬಿಡು’ ಅಂತ ಕೇಳಿಸಿ ಕಾಲು ಎತ್ತಿಬಿಟ್ಟ. ನಿಪ್ಪಲ್ ತೆರೆದಿದ್ದಾಗ ಕಾಲು ಎತ್ತಿದರೆ ಗಾಳಿ ಒಳಗೆ ಹೀರಿಕೊಳ್ಳುತ್ತದೆ. ಆ ಚಕ್ರದ ಕೆಲಸವೆಲ್ಲ ಮೊದಲಿನಿಂದ ಆಯಿತು. ಈಗ ನಮ್ಮ ಮಾತು ಹೀಗೆ:

‘ಒತ್ತು.’
‘ಒತ್ತಿದೀನಿ ಅಣ್ಣ.’
‘ತೆರೆದೆ.’
‘ಕೆಳಗೆ ಹೋಯ್ತು, ಹಿಡ್ಕೊಂಡಿದೀನಿ.’
‘ಮುಚ್ಚಿದೆ. ಕಾಲು ಎತ್ತು.’

‘ಮುಚ್ಚಿದೆ’ ಅನ್ನುವವರೆಗೆ ಅವನ ಕಾಲು ಏಳುವುದಿಲ್ಲ. ಪೆಡಲನ್ನು ನಿಧಾನಕ್ಕೆ ಒತ್ತಬೇಕು. ಟಪಟಪ ತುಳಿದರೆ ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ನಿಪ್ಪಲ್ ಅರ್ಧ ಸುತ್ತು ತೆರೆದರೆ ಸಾಕು. ಮೊದಲು ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್ ಬರುತ್ತದೆ, ಜೊತೆಗೆ ಗುಳ್ಳೆ. ಆಮೇಲೆ ತಿಳಿ ಹಳದಿ. ಗುಳ್ಳೆ ನಿಂತಿತು ಅನಿಸಿದಾಗ ಕ್ಯಾಲಿಪರ್‌ಗೆ ರಬ್ಬರ್ ಸುತ್ತಿಗೆಯಿಂದ ನಾಲ್ಕು ಏಟು ಮೆಲ್ಲಗೆ ಹಾಕಿ. ಒಳಗಿನ ಮೂಲೆಯಲ್ಲಿ ಅಂಟಿಕೊಂಡಿದ್ದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತವೆ. ಅದನ್ನು ನೋಡದೆ ನಾನು ಮುಂದಿನ ಚಕ್ರಕ್ಕೆ ಹೋಗುವುದಿಲ್ಲ.

ಐದು ಸಲ ತುಳಿದಾದ ಮೇಲೆ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ನೋಡಲೇಬೇಕು, ಇಳಿದಿದ್ದರೆ ಹೊಸ ಆಯಿಲ್ ತುಂಬಬೇಕು. ಅದು ಖಾಲಿಯಾದರೆ ಮಾಸ್ಟರ್ ಸಿಲಿಂಡರ್‌ಗೇ ಗಾಳಿ ಹೋಗುತ್ತದೆ, ನಾಲ್ಕೂ ಚಕ್ರ ಮತ್ತೆ ಮಾಡಬೇಕು. ಬಾಟಲಿಗೆ ಬಂದ ಆಯಿಲ್ ಎಷ್ಟೇ ತಿಳಿಯಾಗಿ ಕಂಡರೂ ಮತ್ತೆ ಸುರಿಯಬೇಡಿ. ಪೇಂಟ್ ಮೇಲೆ ಹನಿ ಬಿದ್ದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಹೊಯ್ಯಿರಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ. ಒಬ್ಬರೇ ಮಾಡಬಹುದು ಅಂತ ವಾಲ್ವ್ ಇರುವ ಪೈಪ್ ಮಾರುತ್ತಾರೆ. ನಾನು ತಂದ ಅಗ್ಗದ್ದರಲ್ಲಿ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ತಮ್ಮನನ್ನು ಕರೆಯುವುದೇ ಒಳ್ಳೆಯದು.

ಹಂತ 5: ಪರೀಕ್ಷೆ

ಎಂಜಿನ್ ಆಫ್ ಇಟ್ಟು ಐದಾರು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ಕೆಳಗಿಳಿದು ನಿಂತರೆ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಸರಿ ಇದೆ. ಇನ್ನರ್ಧ ನಿಮಿಷ ಹಾಗೇ ಹಿಡಿಯಿರಿ. ಮೆಲ್ಲಗೆ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ. ಸ್ಪಂಜಿನ ಹಾಗಿದ್ದರೆ ಇನ್ನೂ ಗಾಳಿ ಇದೆ, ಮತ್ತೆ ಹಿಂದಿನ ಎಡ ಚಕ್ರಕ್ಕೆ ಹೋಗಿ. ಎರಡರಲ್ಲಿ ಯಾವುದಾದರೂ ಸರಿ, ಗಾಡಿ ಗೇಟು ದಾಟಬಾರದು. ಪ್ರತಿ ಜಾಯಿಂಟ್ ಕೆಳಗೆ ಒಣ ಪೇಪರ್ ಹಾಸಿ ರಾತ್ರಿ ಬಿಡಿ, ಬೆಳಿಗ್ಗೆ ಕಲೆ ಇದೆಯಾ ನೋಡಿ.

ಹಂತ 6: ಪ್ಯಾಡ್ ಪಳಗಿಸುವುದು

ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 15ಕ್ಕೆ ಇಳಿಸಿ, ಎಂಟು ಹತ್ತು ಸಲ. ಪ್ರತಿ ಸಲದ ನಡುವೆ ಅರ್ಧ ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ತಣಿಯಲು ಬಿಡಿ. ಬಿಸಿ ಇರುವಾಗ ಪೆಡಲ್ ಒತ್ತಿ ಹಿಡಿದು ನಿಲ್ಲಬೇಡಿ, ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಕೂರುತ್ತದೆ. 100 ಕಿ.ಮೀ. ಆದ ಮೇಲೆ ಚಕ್ರದ ನಟ್ ಬಿಗಿ ನೋಡಿ, ಹೋಸ್ ಜಾಯಿಂಟ್‌ಗಳನ್ನು ಬೆರಳಿನಿಂದ ಸವರಿ ಒಣಗಿವೆಯಾ ನೋಡಿ. ಮೊದಲ ಸಲ ಹಳ್ಳ ದಾಟಿದ ದಿನ ದಡ ಹತ್ತಿದ ಕೂಡಲೇ ನಿಧಾನಕ್ಕೆ ಓಡಿಸುತ್ತಾ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟು ಡ್ರಮ್ ಒಳಗಿನ ನೀರು ಒಣಗಿಸಿಕೊಳ್ಳಿ, ಆಮೇಲೆ ಇಳಿಜಾರಿಗೆ ಹೋಗಿ.